ತಾನಾಗಿಯೇ ಬೀಳುವ ಬೀಗ

ಮನೆಯ ಕಂಪ್ಯೂಟರನ್ನು ಐದು ನಿಮಿಷ ಮುಟ್ಟದೆ ಬಿಟ್ಟರೆ ಅದು ಪರದೆ ಮುಚ್ಚಿಕೊಂಡು ಪಾಸ್‌ವರ್ಡ್ ಕೇಳುತ್ತದೆ. ಹಾಗಾಗದಂತೆ ತಡೆಯುವುದು ಹೇಗೆ ಎಂಬುದು ಒಂದು ನಿಮಿಷದ ಪ್ರಶ್ನೆ. ಸೆಟ್ಟಿಂಗ್ಸ್‌ನೊಳಗೆ ಹೋಗಿ ಎರಡು ಕಡೆ ‘ನೆವರ್’ ಎಂದು ಆರಿಸಿದರೆ ಮುಗಿಯಿತು. ತಡೆಯಬೇಕೆ ಎಂಬ ಪ್ರಶ್ನೆ ಮಾತ್ರ ಅಷ್ಟು ಬೇಗ ಮುಗಿಯುವಂಥದ್ದಲ್ಲ. ನಮ್ಮ ಮನೆಯಲ್ಲಿ ಅದು ಒಂದು ಮಳೆಗಾಲ ಪೂರ್ತಿ ನಡೆಯಿತು.

ನಮ್ಮ ಮನೆ ಶಿಕಾರಿಪುರದಲ್ಲಿ. ಕಂಪ್ಯೂಟರು ಇರುವುದು ನಡುಮನೆಯ ಕಿಟಕಿಯ ಪಕ್ಕ. ನನ್ನ ಫೆಲೋಶಿಪ್ ಹಣದಲ್ಲಿ ಕೊಂಡದ್ದಾದರೂ ಅದು ನನ್ನೊಬ್ಬಳದು ಎಂದು ಯಾರೂ ಅಂದುಕೊಂಡಿಲ್ಲ. ಅಪ್ಪ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ನೋಡುತ್ತಾರೆ. ರಾಶಿ, ಬೆಟ್ಟೆ, ಗೊರಬಲು ಎಂದು ಒಂದೊಂದನ್ನೂ ಡೈರಿಗೆ ಇಳಿಸಿಕೊಳ್ಳುವವರೆಗೆ ಪರದೆ ಕಣ್ಣ ಮುಂದೆ ಇರಬೇಕು. ಅಮ್ಮ ಮಧ್ಯಾಹ್ನ ತಾಳಮದ್ದಳೆ ಹಾಕಿಕೊಂಡು ಹೂಬತ್ತಿ ಹೊಸೆಯುತ್ತಾಳೆ. ಪಕ್ಕದ ಮನೆಯ ಹುಡುಗ ಸ್ಕಾಲರ್‌ಶಿಪ್ ಅರ್ಜಿ ತುಂಬಲು, ಎದುರು ಮನೆಯವರು ಪಹಣಿ ನೋಡಲು ಬರುತ್ತಾರೆ. ಹೊರಗಡೆ ಕೊಟ್ಟಿಗೆಯಲ್ಲಿರುವ ಏಣಿಯ ಹಾಗೆ ಅದೂ ಒಂದು. ಬೇಕಾದವರು ಬಂದು ಕೇಳುತ್ತಾರೆ, ಕೇಳದೆಯೂ ಒಯ್ಯುತ್ತಾರೆ, ಆದರೆ ಒಯ್ದದ್ದು ವಾಪಸು ಬರುತ್ತದೆ.

ಪ್ರಸಂಗ ಮುಗಿದು, ಅಮ್ಮ ಒಳಗೆ ಹೋಗಿ ಒಲೆ ಸಣ್ಣ ಮಾಡಿ, ಇನ್ನೊಂದು ಹಾಕೋಣವೆಂದು ಬರುವಷ್ಟರಲ್ಲಿ ಕಂಪ್ಯೂಟರು ಮುಚ್ಚಿಕೊಂಡಿರುತ್ತಿತ್ತು. ಒಂದು ದಿನ ಅವಳು ಕೇಳಿದಳು: “ಇದು ಯಾರನ್ನ ನೋಡಿ ಬಾಗಿಲು ಹಾಕ್ಕೊಳ್ಳುತ್ತೇ? ಮನೇಲಿ ಇರೋಳು ನಾನೊಬ್ಬಳೇ.”

ಆ ಮಾತಿನಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿತ್ತು. ಪಾಸ್‌ವರ್ಡ್ ಅವಳಿಗೆ ತಿಳಿಯದ್ದೇನಲ್ಲ. ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಯಲ್ಲೇ ಇಟ್ಟಿದ್ದೇವೆ. ಬಂದುಹೋಗುವವರಿಗೆಲ್ಲ ಗೊತ್ತಿರುವ ಆ ಪಾಸ್‌ವರ್ಡು ತಡೆಯುತ್ತಿದ್ದುದು ಯಾರನ್ನು? ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವೆ ಒಂದು ‘@’ ಗುರುತನ್ನು ಹುಡುಕಿ ಹುಡುಕಿ ಒತ್ತಬೇಕಾದ ಅಮ್ಮನನ್ನು ಮಾತ್ರ. ಪಕ್ಕದ ಮನೆಯ ಹುಡುಗ ಎರಡು ಸೆಕೆಂಡಿನಲ್ಲಿ ಒಳಗೆ ಹೋಗುತ್ತಾನೆ. ನಂಬಿಕೆಯ ಲೆಕ್ಕದಲ್ಲಿ ಜನರನ್ನು ಬೇರ್ಪಡಿಸಬೇಕಾದ ಬೀಗ ಕೈಚಳಕದ ಲೆಕ್ಕದಲ್ಲಿ ಬೇರ್ಪಡಿಸುತ್ತಿತ್ತು.

ನನ್ನ ತೊಂದರೆ ಬೇರೆ ಬಗೆಯದು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. (ಈ ಕಡೆಯವರು ಪ್ರಬಂಧ ಬರೆದರೆ ಉಡುತಡಿಯ ಅಕ್ಕನನ್ನೂ ಬಳ್ಳಿಗಾವೆಯ ಅಲ್ಲಮನನ್ನೂ ಕರೆತರಲೇಬೇಕು ಎಂಬ ರೂಢಿಯಿದೆ. ಈ ಸಲ ಅವರಿಬ್ಬರಿಗೂ ವಿರಾಮ.) ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲೂ ಸೊರಬದವು 1904ರ ಎಂಟನೆಯದರಲ್ಲೂ ಇವೆ. ಆ ಪಾಠವನ್ನು ಒಂದು ಬದಿಗೆ, ಕಲ್ಲಿನ ಫೋಟೋವನ್ನು ಇನ್ನೊಂದು ಬದಿಗೆ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುವುದು ನನ್ನ ದಿನನಿತ್ಯದ ಕೆಲಸ. ಸವೆದ ಕಲ್ಲಿನಲ್ಲಿ ಪ, ವ, ಮ ಎಲ್ಲ ಒಂದರಂತೆ ಒಂದು ಕಾಣುತ್ತವೆ. ಒಂದು ಅಕ್ಷರದ ಮುಂದೆ ಹತ್ತು ನಿಮಿಷ ಕೂರಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೈ ಏನೂ ಮಾಡುವುದಿಲ್ಲ, ಮಾಡಬಾರದು. ಅಕ್ಷರ ಇನ್ನೇನು ಇದೇ ಎನ್ನುವಾಗ ಪರದೆ ಕಪ್ಪಾಗುತ್ತದೆ, ಆಮೇಲೆ ಯಾವುದೋ ದೇಶದ ಸಮುದ್ರತೀರದ ಚಿತ್ರ ಬಂದು ಪಾಸ್‌ವರ್ಡ್ ಕೇಳುತ್ತದೆ.

ಕಂಪ್ಯೂಟರಿನ ‘ಐಡಲ್’ ಎಂಬುದರ ಅರ್ಥ ಇಲ್ಲಿ ಗೊತ್ತಾಗುತ್ತದೆ. ಅದು ಲೆಕ್ಕ ಹಾಕುವುದು ಒಂದನ್ನೇ: ಕೀಲಿಮಣೆಯ ಗುಂಡಿಯನ್ನೋ ಮೌಸನ್ನೋ ಕೊನೆಯ ಸಲ ಮುಟ್ಟಿ ಎಷ್ಟು ಹೊತ್ತಾಯಿತು? ಎದುರಿಗೆ ಕೂತ ಮನುಷ್ಯ ಅದಕ್ಕೆ ಕಾಣುವುದಿಲ್ಲ. ಇದರಲ್ಲಿ ಇನ್ನೂ ವಿಚಿತ್ರವಾದದ್ದೊಂದಿದೆ. ವಿಡಿಯೊ ಓಡುತ್ತಿದ್ದಾಗ ಆ ಪ್ರೋಗ್ರಾಮು ಕಂಪ್ಯೂಟರಿಗೆ “ಯಾರೋ ನೋಡುತ್ತಿದ್ದಾರೆ, ಪರದೆ ಆರಿಸಬೇಡ” ಎಂದು ತಿಳಿಸುತ್ತಿರುತ್ತದೆ. ಹಾಗಾಗಿ ತಾಳಮದ್ದಳೆ ನಡೆಯುವಷ್ಟು ಹೊತ್ತೂ ಲಾಕ್ ಆಗುವುದಿಲ್ಲ. ಪುಸ್ತಕವನ್ನೋ ಫೋಟೋವನ್ನೋ ತೆರೆದು ತೋರಿಸುವ ಪ್ರೋಗ್ರಾಮು ಸಾಮಾನ್ಯವಾಗಿ ಅಂಥದ್ದೇನನ್ನೂ ಹೇಳುವುದಿಲ್ಲ. ನೋಡುವವರು ಇದ್ದಾರೆ ಎಂದೂ ಓದುವವರು ಎದ್ದು ಹೋಗಿದ್ದಾರೆ ಎಂದೂ ಯಂತ್ರದ ತಿಳುವಳಿಕೆ. ವಿಡಿಯೊ ಹಚ್ಚಿಟ್ಟು ಅಮ್ಮ ಹಿತ್ತಿಲಿಗೆ ಹೋದರೆ ಅವಳು ಹಾಜರು. ಶಾಸನದ ಮುಂದೆ ಉಸಿರು ಬಿಗಿಹಿಡಿದು ಕೂತ ನಾನು ಗೈರುಹಾಜರು.

ವಿಂಡೋಸ್‌ನಲ್ಲಿ ಈ ಆಯ್ಕೆ ಇರುವುದು ‘ಅಕೌಂಟ್ಸ್’ ಎಂಬಲ್ಲಿ, ‘ಸೈನ್-ಇನ್ ಆಪ್ಶನ್ಸ್’ ಒಳಗೆ. ಅಲ್ಲಿ ಅದು ಪ್ರಶ್ನೆ ಕೇಳುವ ರೀತಿಯೇ ಕುತೂಹಲಕರ: ನೀವು ಎಲ್ಲಿಗಾದರೂ ಹೋಗಿದ್ದರೆ, ಮತ್ತೆ ಯಾವಾಗ ಸೈನ್-ಇನ್ ಮಾಡಿಸಬೇಕು? ಹೋಗಿದ್ದೇವೆ ಎಂಬುದನ್ನು ಅದು ಆಗಲೇ ತೀರ್ಮಾನಿಸಿ ಆಗಿದೆ. ಅಲ್ಲಿ ‘ನೆವರ್’ ಎಂದು ಆರಿಸಬೇಕು. ಪವರ್ ಸೆಟ್ಟಿಂಗ್ಸ್‌ನಲ್ಲಿ ಪರದೆ ಆರುವ ಹೊತ್ತನ್ನೂ ಹಾಗೆಯೇ ಮಾಡಬೇಕು. ಸ್ಕ್ರೀನ್ ಸೇವರ್ ಇಟ್ಟುಕೊಂಡವರು ಅದರಲ್ಲಿ ಲಾಗಿನ್ ಪರದೆ ತೋರಿಸುವ ಚೌಕದ ಗುರುತನ್ನು ತೆಗೆಯಬೇಕು. ಉಬುಂಟು ಬಳಸುವವರಿಗೆ ಪ್ರೈವಸಿಯ ಅಡಿಯಲ್ಲಿ ‘ಸ್ಕ್ರೀನ್ ಲಾಕ್’ ಸಿಗುತ್ತದೆ. ತಂತ್ರದ ಭಾಗ ಇಷ್ಟೇ.

ಇಷ್ಟನ್ನು ಮಾಡುವ ಮೊದಲು ಈ ಬೀಗ ಯಾರಿಗಾಗಿ ಎಂದು ಕೇಳಿಕೊಳ್ಳಬೇಕಾಯಿತು. ಮನೆಯ ಮೇಜಿನ ಮೇಲಿರುವ ಕಂಪ್ಯೂಟರಿಗೆ ಯಾವ ಕಡೆಯಿಂದ ಅಪಾಯ? ಅಂತರ್ಜಾಲದ ಕಡೆಯಿಂದ ಬರುವ ಮೋಸಗಳಿವೆ: ಬ್ಯಾಂಕಿನ ಹೆಸರಿನ ಸುಳ್ಳು ಸಂದೇಶ, ಒಟಿಪಿ ಕೇಳುವ ಕರೆ, ಲಿಂಕು ಒತ್ತಿಸುವ ಆಮಿಷ. ಇವೆಲ್ಲ ನಡೆಯುವುದು ನಾವು ಪರದೆಯ ಮುಂದೆ ಕೂತಿರುವಾಗಲೇ, ನಮ್ಮ ಕೈಯಿಂದಲೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಐದು ನಿಮಿಷದ ಲಾಕಿಗೆ ಚೆನ್ನಾಗಿ ಹೊಂದುತ್ತದೆ. ಇನ್ನು ಕಳ್ಳ ಬಂದು ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೆ? ಒಳಗಿನ ಡಿಸ್ಕನ್ನು ಕಳಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಅದನ್ನು ತಡೆಯುವುದು ಎನ್‌ಕ್ರಿಪ್ಷನ್ ಎಂಬ ಬೇರೆಯೇ ವ್ಯವಸ್ಥೆ; ಪರದೆಯ ಲಾಕ್ ಒಂದೇ ಇದ್ದರೆ ಸಾಲದು. ಹಾಗಾದರೆ ಈ ಲಾಕ್ ನಿಜವಾಗಿ ತಡೆಯುವುದು ಯಾರನ್ನು? ನಾವು ಎದ್ದ ಕುರ್ಚಿಯಲ್ಲಿ ಬಂದು ಕೂರಬಲ್ಲವರನ್ನು. ಹಾಸ್ಟೆಲ್ಲಿನಲ್ಲಿ, ಬಸ್ಸಿನಲ್ಲಿ, ವಿಭಾಗದ ಸೆಮಿನಾರ್ ಹಾಲಿನಲ್ಲಿ ಅವರು ಯಾರೋ ಆಗಿರಬಹುದು. ನಡುಮನೆಯಲ್ಲಿ ಮಾತ್ರ ಅವರು ಅಪ್ಪ, ಅಮ್ಮ, ಪಕ್ಕದ ಮನೆಯವರು. ಅಮ್ಮನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿರಲಿಲ್ಲ.

ಈ ಬೀಗ ಹುಟ್ಟಿದ್ದು ಮನೆಗಾಗಿ ಅಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಕಟ್ಟಿದಾಗ, ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಪಾಸ್‌ವರ್ಡ್ ಬಂತು. 1966ರಲ್ಲಿ ಒಂದು ಎಡವಟ್ಟಿನಿಂದ ಎಲ್ಲರ ಪಾಸ್‌ವರ್ಡುಗಳ ಪಟ್ಟಿ, ಲಾಗಿನ್ ಮಾಡಿದ ಎಲ್ಲರಿಗೂ ದಿನದ ಸೂಚನೆಯ ಜಾಗದಲ್ಲಿ ಕಾಣಿಸಿಕೊಂಡಿತಂತೆ. ಮುಂದಿನ ದಶಕದಲ್ಲಿ ಅದೇ ಎಂಐಟಿಯ ರಿಚರ್ಡ್ ಸ್ಟಾಲ್ಮನ್ ಪಾಸ್‌ವರ್ಡು ಎಂಬುದೇ ಬೇಡ, ಬರೀ ಎಂಟರ್ ಒತ್ತಿ ಒಳಗೆ ಬನ್ನಿ ಎಂದು ಸಹೋದ್ಯೋಗಿಗಳಿಗೆ ಬರೆದ. ಸುಮಾರು ಐದರಲ್ಲಿ ಒಬ್ಬರು ಒಪ್ಪಿದರು. ಅಲ್ಲಿಂದ ಮುಂದೆ ಪಾಸ್‌ವರ್ಡಿಗೆ ಗಡಿಯಾರವೂ ಸೇರಿದ್ದು ಕಚೇರಿಗಳ ಅಗತ್ಯದಿಂದ. ಕಾರ್ಡು ವ್ಯವಹಾರದ ಭದ್ರತೆಗಾಗಿ ಇರುವ ಪಿಸಿಐ ಡಿಎಸ್ಎಸ್ ನಿಯಮಾವಳಿಯಲ್ಲಿ 15 ನಿಮಿಷ ಸುಮ್ಮನಿದ್ದರೆ ಮತ್ತೆ ಗುರುತು ಕೇಳಬೇಕು ಎಂದಿದೆ. ಬ್ಯಾಂಕಿನ ಕೌಂಟರಿಗೆ ಅದು ಸರಿ. ಅಲ್ಲಿ ಎದ್ದು ಹೋದ ಕುರ್ಚಿಯ ಆಚೆ ನಿಂತವರು ಗಿರಾಕಿಗಳು. ಅದೇ ಅಂಗಿಯನ್ನು ಅಳತೆ ತೆಗೆಯದೆ ಮನೆಗೂ ತೊಡಿಸಿದ್ದಾರೆ.

ನಮ್ಮ ಭಾಷೆಯಲ್ಲಿ ಬಾಗಿಲಿಗೆ ಸಂಬಂಧಿಸಿದಂತೆ ಎರಡು ಬೇರೆ ಬೇರೆ ವಸ್ತುಗಳಿವೆ: ಚಿಲಕ, ಬೀಗ. ಎರಡೂ ಬಾಗಿಲು ಮುಚ್ಚುತ್ತವೆ, ಆದರೆ ಕೆಲಸ ಒಂದೇ ಅಲ್ಲ. ಚಿಲಕ ಒಳಗಿನಿಂದ ಹಾಕುವುದು. ಒಳಗೆ ಯಾರೋ ಇದ್ದಾರೆ ಎಂಬುದಕ್ಕೆ ಅದೇ ಗುರುತು. ಹೊರಗಿನವರು ತಟ್ಟಿದರೆ ಒಳಗಿನಿಂದ ಉತ್ತರ ಬರುತ್ತದೆ: “ಯಾರು?”, “ಬಂದೆ ಇರಿ”, “ಸ್ನಾನ ಮಾಡ್ತಿದೀನಿ”. ಬೀಗ ಹೊರಗಿನಿಂದ ಹಾಕುವುದು. ಮನೆಯಲ್ಲಿ ಯಾರೂ ಇಲ್ಲ ಎಂದು ಅದು ಬೀದಿಗೆ ಸಾರುತ್ತದೆ. ಬೀಗ ಹಾಕಿದ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಹಗಲಿಡೀ ಹೆಬ್ಬಾಗಿಲು ತೆರೆದೇ ಇರುತ್ತಿತ್ತು. ಬೀಗವೇನಿದ್ದರೂ ಕಣಜಕ್ಕೆ, ಪೆಟ್ಟಿಗೆಗೆ. ಅದರ ಕೈ ಅತ್ತೆಯ ಸೊಂಟದಲ್ಲಿ. ಆ ಗೊಂಚಲು ಸೊಸೆಯ ಸೊಂಟಕ್ಕೆ ಯಾವಾಗ ಬಂತು ಎಂಬುದರ ಮೇಲೆ ಸಂಸಾರದ ಚರಿತ್ರೆಯನ್ನೇ ಬರೆಯಬಹುದು.

ಕಂಪ್ಯೂಟರಿನ ಲಾಕ್ ಈ ಎರಡನ್ನೂ ಕಲಸಿಬಿಟ್ಟಿದೆ. ನಾನು ಒಳಗೇ ಇದ್ದೇನೆ, ಓದುತ್ತಿದ್ದೇನೆ. ಆದರೆ ಅದು ಹೊರಗಿನಿಂದ ಬೀಗ ಜಡಿದು, ಮನೆಯಲ್ಲಿ ಯಾರೂ ಇಲ್ಲ ಎಂದು ಬೋರ್ಡು ಹಾಕುತ್ತದೆ. ಅಮ್ಮ ತಟ್ಟಿದರೆ “ಯಾರು?” ಎಂದು ಕೇಳುವ ದನಿಯಿಲ್ಲ. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂಬುದು “ಬಂದೆ ಇರಿ” ಆಗುವುದಿಲ್ಲ.

ನಾವು ಈ ಎರಡರ ಬಗ್ಗೆ ಮಾತಾಡುವ ರೀತಿಯನ್ನೂ ಗಮನಿಸಿ. ಬೀಗ ‘ಹಾಕುತ್ತೇವೆ’. ಹಾಕಲು ಒಬ್ಬರು ಬೇಕು. ತೆಗೆಯುವ ಸಾಧನಕ್ಕೂ ನಮ್ಮಲ್ಲಿ ‘ಬೀಗದ ಕೈ’ ಎಂದೇ ಹೆಸರು. ಬೀಗಕ್ಕೊಂದು ಕೈ ಇದೆ, ಆ ಕೈ ಯಾರದ್ದೋ ಕೈಯಲ್ಲಿದೆ. ಕಂಪ್ಯೂಟರು ಮಾತ್ರ ‘ಲಾಕ್ ಆಗುತ್ತದೆ’. ಮಳೆ ಬಂದ ಹಾಗೆ, ಹಾಲು ಒಡೆದ ಹಾಗೆ, ಆಗುತ್ತದೆ. ‘ಅಂಗಡಿಗೆ ಬೀಗ ಬಿತ್ತು’ ಎಂದೂ ನಾವು ಹೇಳುವುದುಂಟಲ್ಲ ಎಂದು ನೀವು ಕೇಳಬಹುದು. ಆದರೆ ಅದು ಸಾಲ ಕೊಟ್ಟವರೋ ಸರಕಾರದವರೋ ಬಂದಾಗಿನ ಮಾತು, ಕೆಟ್ಟ ಸುದ್ದಿ. ಅಲ್ಲೂ ಹಾಕಿದ ಕೈ ಯಾರದೆಂದು ಊರಿಗೆಲ್ಲ ಗೊತ್ತಿರುತ್ತದೆ. ಲಾಕ್ ‘ಆದಾಗ’ ಯಾರ ಮೇಲೆ ಸಿಟ್ಟಾಗುವುದು? ನಾನು ಎದ್ದು ಹೋಗುವಾಗ ವಿಂಡೋಸ್ ಗುಂಡಿಯ ಜೊತೆ ‘ಎಲ್’ ಒತ್ತಿ ನಾನೇ ಲಾಕ್ ಮಾಡಿದ್ದರೆ, ಅಮ್ಮ “ಯಾಕೇ ಹಾಕಿದೆ?” ಎಂದು ಕೇಳಬಹುದಿತ್ತು. ನಾನು ಉತ್ತರ ಕೊಡಬೇಕಾಗುತ್ತಿತ್ತು. ಆ ಉತ್ತರದಲ್ಲಿ ನಾಚಿಕೆಯಿರಲಿ ಜಗಳವಿರಲಿ, ನಮ್ಮಿಬ್ಬರ ನಡುವೆ ಒಂದು ಮಾತು ನಡೆಯುತ್ತಿತ್ತು. ತಾನಾಗಿಯೇ ಬೀಳುವ ಬೀಗದಲ್ಲಿ ಅನುಮಾನವಿದೆ, ಅನುಮಾನ ಪಡುವವರು ಯಾರೂ ಇಲ್ಲ. ಅಷ್ಟರಮಟ್ಟಿಗೆ ಅದು ಅಸಭ್ಯ ಎಂದೇ ಆಗ ನನಗೆ ಅನ್ನಿಸಿದ್ದು.

ಪರದೆಯ ಮೇಲೆ ನಾನು ಓದುತ್ತಿದ್ದ ಶಾಸನಗಳಿಗೂ ಒಂದು ಬಗೆಯ ಕಾವಲಿದೆ. ಬಳ್ಳಿಗಾವೆಯ ದಾನಶಾಸನಗಳನ್ನು ನೋಡಿದವರಿಗೆ ಕೊನೆಯ ಸಾಲುಗಳು ಬಾಯಿಪಾಠವಾಗಿರುತ್ತವೆ: ಈ ಧರ್ಮವನ್ನು ಕಾಪಾಡಿದವರಿಗೆ ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಗೋದಾನ ಮಾಡಿದ ಪುಣ್ಯ, ಕೆಡಿಸಿದವರಿಗೆ ಅದೇ ಜಾಗದಲ್ಲಿ ಅದೇ ಹಸುಗಳನ್ನು ಕೊಂದ ಪಾಪ. ಓದು ಬಾರದವರಿಗಾಗಿ ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಕಲ್ಲನ್ನು ಮುಚ್ಚಿಡದೆ, ಎಲ್ಲರೂ ಓಡಾಡುವ ದೇವಸ್ಥಾನದ ಅಂಗಳದಲ್ಲೇ ನಿಲ್ಲಿಸಿದರು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕದಂಬರ ಕಾಲದ ಕಂಬ ಹದಿನೈದು ಶತಮಾನ ಬಯಲಿನಲ್ಲೇ ನಿಂತಿದೆ. ಕಲ್ಲಿನ ಮಟ್ಟಿಗೆ, ಹೆಚ್ಚು ಜನ ನೋಡಿದಷ್ಟೂ ಒಳಗಿನ ಮಾತು ಭದ್ರ. ಶಾಪ ಎಲ್ಲ ಕಡೆ ಫಲಿಸಿತೆಂದಲ್ಲ. ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನೂ ಅದನ್ನು ಕಾಲುವೆಗೆ ಅಡ್ಡ ಹಾಸಿದ್ದನ್ನೂ ಕ್ಷೇತ್ರಕಾರ್ಯದಲ್ಲಿ ಕಂಡಿದ್ದೇನೆ.

ತಾಮ್ರಶಾಸನದ ಕ್ರಮ ಬೇರೆ. ಅದು ದಾನ ಪಡೆದವರ ಮನೆಯಲ್ಲಿ ಇರುವುದು, ಖಾಸಗಿ ಕಾಗದಪತ್ರದ ಹಾಗೆ. ತಗಡುಗಳ ತೂತಿನಲ್ಲಿ ಒಂದು ಬಳೆ ತೂರಿಸಿ, ಅದರ ಎರಡು ತುದಿ ಸೇರುವಲ್ಲಿ ರಾಜಮುದ್ರೆ ಬೆಸೆಯುತ್ತಿದ್ದರು. ಹಾಗೆ ಮಾಡಿದರೆ ನಡುವೆ ಒಂದು ಸುಳ್ಳು ತಗಡನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ತೆಗೆಯುವಂತಿಲ್ಲ. ಓದಲು ಅಡ್ಡಿಯಿಲ್ಲ, ಬಳೆಯಲ್ಲಿಯೇ ತಗಡುಗಳನ್ನು ಮಗುಚಬಹುದು. ನೋಡುವುದನ್ನು ತಡೆಯದೆ ಕೆಡಿಸುವುದನ್ನು ಮಾತ್ರ ತಡೆಯುವ ಬೀಗ. ಮನೆಯ ಕಂಪ್ಯೂಟರಿಗೆ ಬೇಕಾದದ್ದು ಇಂಥದ್ದೇ ಅಲ್ಲವೆ? ಅಪ್ಪ ಧಾರಣೆ ನೋಡಲಿ, ಹುಡುಗ ಅರ್ಜಿ ತುಂಬಲಿ. ನನ್ನ ಪ್ರಬಂಧದ ಅಧ್ಯಾಯವನ್ನು ಯಾರೂ ಅಳಿಸದಿದ್ದರೆ ಸಾಕು. ಆ ಕೆಲಸವನ್ನು ಇನ್ನೊಂದು ಡಿಸ್ಕಿನಲ್ಲಿಟ್ಟ ಪ್ರತಿ ಮಾಡುತ್ತದೆ. ಐದು ನಿಮಿಷದ ಬೀಗ ಬೇಕಿಲ್ಲ. ಈ ತರ್ಕ ನನಗೆ ಬಹಳ ಹಿಡಿಸಿತ್ತು, ಸೊರಬಕ್ಕೆ ಹೋಗುವವರೆಗೆ.

ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಗೆ ಹತ್ತಿರದ ಒಂದು ಊರಿನಲ್ಲಿ ನನ್ನ ದೊಡ್ಡಮ್ಮನ ಮನೆಯಿದೆ. ಆ ಭಾಗದ ವೀರಗಲ್ಲುಗಳ ಫೋಟೋ ತೆಗೆಯುವಾಗ ನಾನು ಉಳಿದುಕೊಳ್ಳುವುದು ಅಲ್ಲೇ. ಒಂಬತ್ತು ಜನರ ಮನೆ. ದೊಡ್ಡಮ್ಮನ ಸೊಸೆ ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಕೊರೊನಾ ಕಾಲದಲ್ಲಿ ಊರಿಗೆ ಬಂದವಳು ಹಾಗೇ ಉಳಿದಳು. ಅವಳು ಕೂರುವ ಕೋಣೆಗೆ ಬಾಗಿಲಿಲ್ಲ, ಪರದೆಯಿದೆ. ಫೋನು ಎಲ್ಲರದು: ಮಾವ ಕರೆ ತೆಗೆದುಕೊಳ್ಳುತ್ತಾರೆ, ಮಕ್ಕಳು ಆಟ ಆಡುತ್ತಾರೆ, ನಾದಿನಿ ಮೆಸೇಜು ಓದಿ ಜೋರಾಗಿ ಹೇಳುತ್ತಾಳೆ. ಯಾರಲ್ಲೂ ದುರುದ್ದೇಶವಿಲ್ಲ. ಆ ಮನೆಯಲ್ಲಿ ಎಲ್ಲರ ಎಲ್ಲವೂ ಹಾಗೆಯೇ.

ನಮ್ಮ ಕಂಪ್ಯೂಟರಿನ ಕಥೆ ಹೇಳಿ, ಈ ಲಾಕ್ ಎಂಬುದು ಎಂಥ ಅವಮಾನ ನೋಡು ಅತ್ತಿಗೆ ಎಂದೆ. ಅವಳು ಕೆಲಸದ ಲ್ಯಾಪ್‌ಟಾಪಿನತ್ತ ಕಣ್ಣು ತೋರಿಸಿ ಮೆಲ್ಲಗೆ ಹೇಳಿದಳು: “ಈ ಮನೇಲಿ ನನ್ನ ಪಾಲಿಗೆ ಬೀಗ ಅಂತ ಇರೋದು ಇದೊಂದಕ್ಕೇ ಕಣೇ.” ಹಾಗಿದ್ದರೆ ಎದ್ದಾಗೆಲ್ಲ ನೀನೇ ಹಾಕಬಹುದಲ್ಲ, ತಾನಾಗಿಯೇ ಆಗುವುದು ಯಾಕೆ ಬೇಕು ಎಂದರೆ, “ನಾನು ಲಾಕ್ ಮಾಡಿದ್ರೆ ಏನು ಮುಚ್ಚಿಡ್ತಿದೀಯ ಅಂತಾರೆ. ಅದೇ ಲಾಕ್ ಆದ್ರೆ ಕಂಪನಿ ರೂಲು. ಯಾರೂ ಏನೂ ಅನ್ನಲ್ಲ” ಎಂದಳು.

ನಾನು ಅಸಭ್ಯ ಎಂದುಕೊಂಡಿದ್ದ ಅದೇ ಗುಣ ಅವಳಿಗೆ ನೆರಳಾಗಿತ್ತು. ಹಾಕಿದ ಕೈ ಯಾರದೂ ಅಲ್ಲ ಎಂಬುದೇ ಅವಳಿಗೆ ಬೇಕಾದದ್ದು. ಬೀಗ ಹಾಕಿ, ಯಾಕೆ ಹಾಕಿದೆ ಎಂದು ಕೇಳಿದವರಿಗೆ ಉತ್ತರ ಕೊಡಬಹುದು ಎಂದು ನಾನು ಹೇಳುವಾಗ, ಉತ್ತರ ಕೊಟ್ಟರೆ ಒಪ್ಪುವ ಮನೆಯೊಂದನ್ನು ಲೆಕ್ಕಕ್ಕೆ ಹಿಡಿದಿದ್ದೆ. ಉತ್ತರ ಕೊಡುವುದೇ ದುಬಾರಿಯಾದ ಮನೆಯಲ್ಲಿ, ‘ಮಾಡು’ವುದಕ್ಕಿಂತ ‘ಆಗು’ವುದೇ ವಾಸಿ. ಲ್ಯಾಪ್‌ಟಾಪಿನಲ್ಲಿ ಅವಳದೇ ಎಂಬುದು ಏನಿದೆ ಎಂದು ನಾನು ಕೇಳಲಿಲ್ಲ. ಏನೂ ಇಲ್ಲದೆಯೂ ಇರಬಹುದು. ಮುಚ್ಚಿಡಲು ಏನಾದರೂ ಇರುವವರಿಗೆ ಮಾತ್ರ ಬೀಗ ಬೇಕು ಎನ್ನುವುದು, ಸ್ನಾನದ ಮನೆಯ ಚಿಲಕ ಹಾಕಿದವರು ಒಳಗೆ ಏನೋ ಕದ್ದಿಟ್ಟಿದ್ದಾರೆ ಎಂದ ಹಾಗೆ.

ಆ ಬೀಗ ಅವಳದೂ ಅಲ್ಲ, ಅದೂ ಅವಳಿಗೆ ಗೊತ್ತು. ಎಷ್ಟು ನಿಮಿಷ ಎಂಬುದನ್ನು ಬದಲಿಸುವ ಅಧಿಕಾರ ಅವಳಿಗಿಲ್ಲ. ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತದೆ ಎಂದು ಬರೆದು ಆಯ್ಕೆಯನ್ನು ಮಂಕು ಮಾಡಿಟ್ಟಿದ್ದಾರೆ. ಮನೆಯವರಿಗೆ ಮುಚ್ಚಿದ ಪೆಟ್ಟಿಗೆ ಕಂಪನಿಗೆ ತೆರೆದೇ ಇರುತ್ತದೆ. ಅವಳಿಗೆ ಅದರಲ್ಲಿ ಸಂಕಟವೇನೂ ಕಾಣಲಿಲ್ಲ. “ಅವರಿಗೆ ನಾನು ಯಾರೂ ಅಲ್ವಲ್ಲ” ಎಂದಳು. ಗುರುತಿಲ್ಲದವರು ನೋಡಿದರೆ ಅದು ಮಾಹಿತಿ. ಗುರುತಿನವರು ನೋಡಿದರೆ ರಾತ್ರಿ ಊಟದ ಹೊತ್ತಿಗೆ ಮಾತು. ಇದರಲ್ಲಿ ಯಾವುದು ಹೆಚ್ಚು ಅಪಾಯ ಎಂದು ವಿಶ್ವವಿದ್ಯಾಲಯದಲ್ಲಿ ಕೂತು ಹೇಳುವುದು ಸುಲಭ. ಅದೇ ಯಂತ್ರ ಅವಳನ್ನು ಕಾಯುವ ಹಾಗೆ ಎಣಿಸುತ್ತಲೂ ಇರುತ್ತದೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು, ಕೀಲಿಮಣೆ ಬಳಸುತ್ತಿರುವಂತೆ ಸುಳ್ಳು ಚಟುವಟಿಕೆ ತೋರಿಸಿದರೆಂದು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು. ಅತ್ತಿಗೆ ಮಗುವಿಗೆ ಉಣ್ಣಿಸುವಾಗ ಎಡಗೈಯಲ್ಲಿ ಮೌಸನ್ನು ಆಗಾಗ ಅಲುಗಾಡಿಸುತ್ತಿರುತ್ತಾಳೆ. ಲಾಕ್ ಬೇಕು, ಆದರೆ ಕಂಪನಿಯ ಕಣ್ಣಿಗೆ ಗೈರುಹಾಜರಾಗಬಾರದು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಸೇರಿದ್ದು ಸ್ಥಳಕ್ಕಲ್ಲ, ವ್ಯಕ್ತಿಗೆ ಎಂಬ ಮಾತು ಅದರಲ್ಲಿ ಬರುತ್ತದೆ. ‘ಮನೆಯ ಖಾಸಗಿತನ’ ಎಂಬುದು ಮನೆಯೊಳಗಿನ ಹೆಂಗಸರ ಮೇಲಿನ ದಬ್ಬಾಳಿಕೆಗೆ ಹೊದಿಕೆಯಾಗಬಹುದು ಎಂಬ ಸ್ತ್ರೀವಾದಿಗಳ ಟೀಕೆಯನ್ನೂ ತೀರ್ಪು ಎತ್ತಿಕೊಳ್ಳುತ್ತದೆ. ಅದು ಮುಖ್ಯವಾಗಿ ಪ್ರಭುತ್ವದ ಎದುರಿನ ಹಕ್ಕು, ದೊಡ್ಡಮ್ಮನ ಮನೆಯ ಪರದೆಯ ಆಚೀಚೆಗೆ ನೇರವಾಗಿ ಬರುವುದಿಲ್ಲ. ಆದರೂ ನಡುಮನೆಯ ಕಂಪ್ಯೂಟರಿನ ವಿಚಾರದಲ್ಲಿ ನನಗೆ ದಾರಿ ಕಂಡದ್ದು ಅಲ್ಲಿಂದಲೇ. ಪೆಟ್ಟಿಗೆಗೆ ಬೀಗ ಬೇಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪೆಟ್ಟಿಗೆಯನ್ನು ಬಳಸುವ ಒಬ್ಬೊಬ್ಬರಿಗೂ ಮುಚ್ಚಿಕೊಳ್ಳಲು ಒಂದು ಜಾಗವಿದೆಯೇ, ಅದರ ಕೈ ಅವರವರದೇ ಕೈಯಲ್ಲಿದೆಯೇ ಎಂದು ಕೇಳಿದರೆ ಉತ್ತರವಿದೆ.

ಹಾಗಾಗಿ ಶಿಕಾರಿಪುರದಲ್ಲಿ ಈಗ ಹೀಗಿದೆ. ಮನೆಗೆಲ್ಲ ಸೇರಿದ ಒಂದು ಖಾತೆಗೆ ಪಾಸ್‌ವರ್ಡೇ ಇಲ್ಲ. ಎಷ್ಟು ಹೊತ್ತು ಬಿಟ್ಟರೂ ಅದು ಏನನ್ನೂ ಕೇಳುವುದಿಲ್ಲ. ಧಾರಣೆ, ಪಹಣಿ, ಅರ್ಜಿ, ತಾಳಮದ್ದಳೆ ಎಲ್ಲ ಅದರಲ್ಲಿ. ಶಾಸನಗಳ ಫೋಟೋಗಳನ್ನೂ ಅಲ್ಲೇ ಇಟ್ಟಿದ್ದೇನೆ. ಎಂಟು ನೂರು ವರ್ಷ ಬಯಲಲ್ಲಿದ್ದದ್ದನ್ನು ನಾನು ಮುಚ್ಚಿಡುವುದೇನು? ಒಂದು ಪ್ರತಿ ಬೇರೆ ಡಿಸ್ಕಿನಲ್ಲಿದೆ. ಪತ್ರ, ಡೈರಿ, ಬ್ಯಾಂಕು ಇತ್ಯಾದಿಗಳಿಗೆ ನನ್ನದೇ ಬೇರೆ ಖಾತೆಯಿದೆ. ಅದು ತಾನಾಗಿಯೇ ಲಾಕ್ ಆಗುವುದಿಲ್ಲ. ಏಳುವಾಗ ನಾನೇ ಹಾಕಿ ಏಳುತ್ತೇನೆ. ಯಾಕೆ ಹಾಕಿದೆ ಎಂದು ಒಂದೆರಡು ಸಲ ಕೇಳಿದರು, ಹೇಳಿದೆ.

ಅಪ್ಪನಿಗೂ ಅಮ್ಮನಿಗೂ ಒಂದೊಂದು ಖಾತೆ ಮಾಡಿಕೊಡಲೇ ಎಂದಾಗ ಅಪ್ಪ “ನಂಗ್ಯಾಕದು” ಎಂದು ಎದ್ದು ತೋಟದ ಕಡೆ ಹೋದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾಡಿಕೊಡು ಎಂದಳು. ಪಾಸ್‌ವರ್ಡನ್ನು ಅಂಕಿಗಳಲ್ಲೇ ಇಡಬಹುದು ಎಂದು ತೋರಿಸಿಕೊಟ್ಟು ನಾನು ಆ ಕಡೆ ತಿರುಗಿ ನಿಂತೆ. ಅವಳು ಒಂದೊಂದೇ ಗುಂಡಿ ಒತ್ತಿದಳು, ಚೀಟಿ ಬರೆಯಲಿಲ್ಲ. ಆ ಖಾತೆಯಲ್ಲಿ ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಅದು ಎಷ್ಟು ನಿಮಿಷಕ್ಕೆ ಲಾಕ್ ಆಗುತ್ತದೆ ಎಂಬುದನ್ನೂ ನಾನು ನೋಡಿಲ್ಲ. ನೋಡಬೇಕೆಂದರೆ ಒಳಗೆ ಹೋಗಬೇಕಾಗುತ್ತದೆ.